ಸಾವಿರದ ಒಂಬತ್ತು ಉಂಡೆ

ಇವತ್ತು ಬೆಳಿಗ್ಗೆ ಪಕ್ಕದ ಓಣಿಯಲ್ಲಿ ಯಾರೋ ಬೂಂದಿ ಕರಿಯುತ್ತಿದ್ದರು. ವೈದ್ಯರು ನನಗೆ ಸಿಹಿ ತಿನ್ನಬೇಡಿ ಎಂದಿದ್ದಾರೆ, ಮೂಸಬೇಡಿ ಎಂದಿಲ್ಲ. ಕಿಟಕಿಯಲ್ಲಿ ನಿಂತು ಮೂಸಿದೆ. ಹಳೆಯ ಪಾಪವೊಂದು ನೆನಪಾಯಿತು. ನಿಮಗಾದರೂ ಹೇಳಿಬಿಡುತ್ತೇನೆ.

೨೦೦೨ನೆಯ ಇಸವಿ. ಹೊರರಾಜ್ಯದ ಮಂಗೋರ್ ಹಿಲ್‌ನ ನಮ್ಮ ಓಣಿಯಲ್ಲಿ ದುಡಿಯಲು ಬಂದ ಎಂಬತ್ತನಾಲ್ಕು ಕನ್ನಡದ ಮನೆಗಳು. ಗಣಪತಿ ಕಳಿಸಿದ ಮೇಲೆ ಪ್ರಸಾದದ ಉಂಡೆ ಹಂಚುವ ಕೆಲಸ ನನ್ನದು, ಏಕೆಂದರೆ ನಾನು ಹೈಸ್ಕೂಲು ಮುಗಿಸಿದವನು. ಎಲ್ಲ ಮನೆಗೂ ಸಮಪಾಲು, ಹಂಚಿ ಉಳಿದದ್ದು ಹಂಚಿದವನಿಗೆ. ಹಿಂದಿನ ವರ್ಷ ಲೆಕ್ಕ ಸರಿಯಾಗಿ ಭಾಗವಾಗಿ ನನಗೆ ಬುಟ್ಟಿಯ ತಳದ ಪುಡಿಯಷ್ಟೇ ಸಿಕ್ಕಿತ್ತು. ಈ ಸಲ ಹೆಂಡತಿಯ ತಮ್ಮ ಊರಿಂದ ಬಂದಿದ್ದ. "ಡಬ್ಬಿ ತುಂಬ ತರತೇನಿ, ನೋಡಲೇ" ಎಂದು ಅವನ ಮುಂದೆ ಮೀಸೆ ತಿರುವಿದ್ದೆ.

ಶಾಲೆಯ ಗಣಿತದಲ್ಲಿ ನನ್ನ ತಲೆಯಲ್ಲಿ ಉಳಿದದ್ದು ಅವಿಭಾಜ್ಯ ಸಂಖ್ಯೆ ಒಂದೇ. ಒಂದರಿಂದ ಮತ್ತು ತನ್ನಿಂದಲ್ಲದೆ ಬೇರೆ ಯಾವುದರಿಂದಲೂ ಅದು ಪೂರ್ತಿ ಭಾಗವಾಗದು. ಅಂದರೆ ಎಷ್ಟು ಮನೆಗೆ ಹಂಚಿದರೂ ಏನಾದರೂ ಉಳಿಯಲೇಬೇಕು! ಭಾಗಿಸಿ ಭಾಗಿಸಿ ಕೊನೆಗೆ ೧೦೦೯ನ್ನು ಹಿಡಿದೆ. ಅಡುಗೆಯವರಿಂದ ಅಷ್ಟೇ ಉಂಡೆ ಕಟ್ಟಿಸಿದೆ.

ಹಂಚುವ ಹೊತ್ತಿಗೆ ನೋಡಿದರೆ, ಮನೆಗೆ ಹನ್ನೆರಡರಂತೆ ಕೊಟ್ಟು ಉಳಿಯುವುದು ಒಂದೇ ಒಂದು. ಸಂಖ್ಯೆ ಮಾತಿಗೆ ತಪ್ಪಿರಲಿಲ್ಲ. ಏನಾದರೂ ಉಳಿಯುತ್ತದೆ ಎಂದಿತ್ತು, ಎಷ್ಟು ಎಂದಿರಲಿಲ್ಲ. ಮತ್ತೆ ಭಾಗಿಸಿ ನೋಡಿದೆ. ಮನೆ ಒಂದು ಹೆಚ್ಚಾದರೆ? ತಲಾ ಹನ್ನೊಂದು, ಉಳಿಕೆ ಎಪ್ಪತ್ತನಾಲ್ಕು!

ಕಣ್ಣು ದ್ಯಾಮವ್ವನ ಮೇಲೆ ಬಿತ್ತು. ಬಾಗಲಕೋಟೆ ಕಡೆಯಿಂದ ಹೊಸದಾಗಿ ಬಂದು ಓಣಿಯ ತುದಿಯಲ್ಲಿ ತಗಡಿನ ಗೂಡು ಹಾಕಿಕೊಂಡಿದ್ದ ವಿಧವೆ. ಅವಳನ್ನು ಯಾರೂ ಲೆಕ್ಕಕ್ಕೆ ಹಿಡಿದಿರಲಿಲ್ಲ.

"ದ್ಯಾಮವ್ವಂದೂ ಒಂದು ಮನಿ ಅಲ್ಲೇನು?" ಎಂದು ಗುಡುಗಿದೆ.

"ಅಕಿ ಮೊನ್ನೆ ಬಂದಾಕಿ, ಬಿಡ್ರಿ" ಎಂದ ಎದುರುಮನೆಯ ಬಸಣ್ಣ.

"ನೀ ಏನು ಗಣಪ್ಪನ ಜೋಡಿ ಇಳಿದು ಬಂದೀಯೇನು? ಒಂದು ಉಂಡಿ ಕಡಿಮಿ ತಿಂದ್ರ ಸಾಯ್ತೀಯೇನಲೇ?"

ಬಸಣ್ಣ ತಲೆ ತಗ್ಗಿಸಿದ. ಹೆಂಗಸರು ಸೆರಗಿನಿಂದ ಕಣ್ಣೊರೆಸಿಕೊಂಡರು. ಉಳಿದದ್ದೆಷ್ಟು ಎಂದು ಯಾರೂ ಕೇಳಲಿಲ್ಲ. ಅಂದಿನಿಂದ ದ್ಯಾಮವ್ವ ಕಂಡಕಂಡವರ ಮುಂದೆ ನನ್ನನ್ನು ಹೊಗಳುತ್ತಲೇ ಇದ್ದಾಳೆ. ಒಂದೊಂದು ಹೊಗಳಿಕೆಯೂ ನನ್ನ ಬೆನ್ನಿಗೆ ಬಾರುಕೋಲು.

ಇವತ್ತು ತಡೆಯಲಾರದೆ ಅವಳ ಮನೆಗೇ ಹೋದೆ. ಕಟ್ಟೆಯ ಮೇಲೆ ಅಕ್ಕಿ ಹಸನು ಮಾಡುತ್ತಿದ್ದಳು.

"ದ್ಯಾಮವ್ವಾ, ಅವತ್ತು ನಾ ಉಂಡಿ ಆಶಾಕ್ಕ ಹಂಗಂದಿದ್ದೆ, ನಿನ್ನ ಸಲುವಾಗಿ ಅಲ್ಲ."

ಅವಳು ಮೊರದಿಂದ ತಲೆ ಎತ್ತಲಿಲ್ಲ. "ಗೊತ್ತೈತ್ರಿ ಅಣ್ಣಾರ. ನಿಮ್ಮ ಡಬ್ಬಿ ಮುಚ್ಚಳನ ಕೂಡವಲ್ದಾಗಿತ್ತು."

"ಮತ್ಯಾಕ ಇಷ್ಟು ವರ್ಷ ಹೊಗಳಿದಿ?"

"ಮರುದಿನದಿಂದ ನನಗೂ ಓಣಿ ನೀರಿನ ನಳದ ಪಾಳಿ ಬಂತಲ್ರೀ. ನಿಮ್ಮನ್ನ ಕಳ್ಳ ಅಂದ್ರ ನನ್ನ ಮನಿನೂ ಲೆಕ್ಕದಾಗಿಂದ ಹೋಗ್ತಿತ್ತು. ಈಗೂ ಓಣ್ಯಾಗ ಬಾಯಿ ಬಿಡಬ್ಯಾಡ್ರಿ. ನನ್ನ ಮಗ್ಗಲದಾಗ ಬಿಹಾರದವರು ಬಂದಾರ, ಈ ವರ್ಷ ಅವರನ್ನೂ ಸೇರಿಸಬೇಕು. ಬಸಣ್ಣ ಅಡ್ಡ ಬರ್ತಾನ. ನೀವ ಬೈಬೇಕು."

ಒಪ್ಪಿಕೊಂಡು ಬಂದೆ. ಈ ಸಲ ಉಂಡೆಯ ಆಸೆಯಿಲ್ಲದೆ ಗುಡುಗಬೇಕು. ಮನೆಯಲ್ಲಿ ಬಾಗಿಲು ಹಾಕಿಕೊಂಡು ಅಭ್ಯಾಸ ಮಾಡುತ್ತಿದ್ದೇನೆ. ದನಿ ಇನ್ನೂ ಅಷ್ಟು ಜೋರಾಗಿ ಏಳುತ್ತಿಲ್ಲ.