ಖಾಲಿ ಮುಷ್ಟಿ

ಖುದೈರ್ ಅಬ್ಬೂದ್ ಅವರೊಂದಿಗೆ ಮೊದಲ ಮಾತುಕತೆ ಕೂಡಿಬರಲು ಎರಡು ಚಳಿಗಾಲ ಕಾಯಬೇಕಾಯಿತು. ಬಗ್ದಾದಿನ ಕಾರ್ಖಾನೆಗಳಲ್ಲಿ ಕೆಲಸಗಾರರು ಕೂಡಿ ಆಡುತ್ತಿದ್ದ ಆಟಗಳ ಬಗ್ಗೆ ನಾನು ಹೇಳಿಕೆಗಳನ್ನು ಸಂಗ್ರಹಿಸುತ್ತಿದ್ದ ಕಾಲ ಅದು. ಉಂಗುರದಾಟದ ವಿಷಯ ಎತ್ತಿದಲ್ಲೆಲ್ಲ ಹಳಬರು ನಗರದ ಕಾಝಿಮಿಯಾ ಬಡಾವಣೆಯ ಒಂದು ಕಂಬಳಿ ಗಿರಣಿಯ ತಂಡವನ್ನು ನೆನೆಯುತ್ತಿದ್ದರು. ತಂಡದ ಮಾತು ಬಂದರೆ ಖುದೈರ್ ಹೆಸರು ಬರುತ್ತಿತ್ತು. ಹೆಸರು ಬಂದೊಡನೆ ಮಾತು ಬೇರೆ ಕಡೆಗೆ ಹೊರಳುತ್ತಿತ್ತು. ಅವರ ಮಗಳ ಮೂಲಕ ಹೇಳಿಕಳುಹಿಸಿದಾಗ, ಬಂದರೆ ಚಹಾ ಸಿಗುತ್ತದೆ, ಮಾತು ಸಿಗುವುದಿಲ್ಲ ಎಂಬ ಉತ್ತರ ಬಂತು.

ದಾರಿ ಮಾಡಿಕೊಟ್ಟವರು ಆ ತಂಡದ ನಾಯಕರಾಗಿದ್ದ ಲಫ್ತಾ. ಗಿರಣಿಯ ಬಣ್ಣದ ವಿಭಾಗದಲ್ಲಿ ಇಡೀ ವಯಸ್ಸು ಕಳೆದ ಅವರು ಈಗ ಮೊಮ್ಮಗನ ಉಪ್ಪಿನಕಾಯಿ ಅಂಗಡಿಯಲ್ಲಿ ಕೂರುತ್ತಾರೆ. ಗುರುವಾರ ಮಧ್ಯಾಹ್ನದ ಪ್ರಾರ್ಥನೆ ಮುಗಿಸಿ ಖುದೈರ್ ಅಲ್ಲಿಗೆ ಬರುವ ರೂಢಿ. "ನೀವೂ ಬಂದು ಕೂತ್ಕೊಳ್ಳಿ ಮೇಷ್ಟ್ರೇ," ಎಂದರು ಲಫ್ತಾ. "ಏನೂ ಕೇಳ್ಬೇಡಿ. ಕೇಳಿದ್ರೆ ಆ ಬಾಯಿ ಬೀಗ ಹಾಕ್ಕೊಳ್ಳುತ್ತೆ." ಕೆಲವು ಗುರುವಾರಗಳನ್ನು ನಾನು ಉಪ್ಪಿನಕಾಯಿ ಪೀಪಾಯಿಗಳ ನಡುವೆ ಸುಮ್ಮನೆ ಕೂತು ಕಳೆದೆ. 2012ರ ಮಾರ್ಚ್ ತಿಂಗಳ ಒಂದು ಗುರುವಾರ ಖುದೈರ್ ನನ್ನತ್ತ ತಿರುಗದೆಯೇ ಲಫ್ತಾಗೆ ಹೇಳಿದರು: "ಇವರ ಹತ್ರ ಮಾತು ಹಿಡಿಯೋ ಯಂತ್ರ ಇದೆ ಅಂದಿದ್ಯಲ್ಲ. ಎಲ್ಲಿ? ಇಟ್ಕೊಂಡು ಮೊಟ್ಟೆ ಹಾಕಿಸ್ತಿದಾರಾ?" ನಾನು ಯಂತ್ರವನ್ನು ಚೀಲದಿಂದ ತೆಗೆದು ಪೀಪಾಯಿಯ ಮುಚ್ಚಳದ ಮೇಲಿಟ್ಟೆ. ಮುಂದಿನದು ಅಂದಿನಿಂದ ಆ ವರ್ಷದ ಬೇಸಿಗೆಯವರೆಗೆ ಅವರು ಹೇಳಿದ್ದು. ಲಫ್ತಾ ಸೇರಿಸಿದ್ದನ್ನು ಅಲ್ಲಲ್ಲೇ ಗುರುತಿಸಿದ್ದೇನೆ.

ಖುದೈರ್ ಹುಟ್ಟಿದ್ದು ದಕ್ಷಿಣದ ಜೌಗುನಾಡಿನಲ್ಲಿ. ಬಾಲ್ಯದಲ್ಲೇ ತಂದೆಯ ಜೊತೆ ಬಗ್ದಾದಿಗೆ ಬಂದು, ನಗರದ ಅಂಚಿನ ಜೊಂಡಿನ ಗುಡಿಸಲುಗಳಲ್ಲಿ ಬೆಳೆದರು. ಗಿರಣಿಗೆ ಕಸ ಗುಡಿಸಲು ಸೇರಿದವರು ಮಗ್ಗಗಳ ರಿಪೇರಿ ಕಲಿತರು. ಮದುವೆಯಾಗಿ ಮೂವರು ಹೆಣ್ಣುಮಕ್ಕಳಾದ ಮೇಲೆ ಮಗ ಹಾತಿಮ್ ಹುಟ್ಟಿದ. ಅಂದಿನಿಂದ ಊರಿಗೆಲ್ಲ ಅವರು ಅಬೂ ಹಾತಿಮ್, ಅಂದರೆ ಹಾತಿಮನ ಅಪ್ಪ; ಹೆಂಡತಿ ಉಮ್ ಹಾತಿಮ್, ಹಾತಿಮನ ಅಮ್ಮ. ಈಗಲೂ ಅವರನ್ನು ಹಾಗೆಯೇ ಕರೆಯುತ್ತಾರೆ.

ಗಿರಣಿಯಲ್ಲಿದ್ದುದು ಒಂದೇ ಬಾಯ್ಲರು. ಬಣ್ಣದ ಕೊಪ್ಪರಿಗೆಗಳಿಗೂ ನೇಯ್ದ ಕಂಬಳಿಗಳನ್ನು ಹದಗೊಳಿಸುವ ಯಂತ್ರಗಳಿಗೂ ಅದೇ ಉಗಿ ಹೋಗಬೇಕು. ಒಂದು ವಿಭಾಗದವರು ಕವಾಟ ತೆರೆದರೆ ಇನ್ನೊಂದು ವಿಭಾಗದ ಕೆಲಸ ಕೆಡುತ್ತಿತ್ತು. 1980ರಲ್ಲಿ ನೆರೆದೇಶದೊಂದಿಗೆ ಯುದ್ಧ ಶುರುವಾಗಿ ಸೈನ್ಯಕ್ಕೆ ಕಂಬಳಿ ಒದಗಿಸುವ ಅವಸರ ಬಿದ್ದ ಮೇಲೆ ಜಗಳ ಹೆಚ್ಚಿತು. ಒಮ್ಮೆ ನೇಕಾರರ ಕಡೆಯವರು ಹೇಳದೆ ಕೇಳದೆ ಕವಾಟ ತಿರುಗಿಸಿದಾಗ ಬಣ್ಣದವನೊಬ್ಬನ ತೋಳು ಉಗಿಗೆ ಬೆಂದುಹೋಯಿತು. ಆಮೇಲೆ ಎರಡು ವಿಭಾಗದವರು ಒಂದೇ ಮೇಜಿನಲ್ಲಿ ಊಟಕ್ಕೆ ಕೂರುವುದು ನಿಂತಿತು. ಒಟ್ಟಿಗೆ ಕೂರಿ ಎಂದು ಅಪ್ಪಣೆ ಮಾಡಬಹುದು, ನುಂಗಿ ಎಂದು ಮಾಡಲಾಗದು ಎಂದು ಮ್ಯಾನೇಜರರೇ ಹೇಳಿದ್ದರಂತೆ. ಆ ವರ್ಷದ ರಂಜಾನಿನಲ್ಲಿ ಅವರು ಉಂಗುರದಾಟದ ತಂಡ ಕಟ್ಟಿಸಿದರು: ಅರ್ಧ ಬಣ್ಣದವರು, ಅರ್ಧ ನೇಕಾರರು. ನಾಯಕ ಬಣ್ಣದ ಲಫ್ತಾ.

ಆಟ ಸರಳ. ಉಪವಾಸ ಬಿಟ್ಟ ಮೇಲೆ ಎರಡು ತಂಡಗಳು ಎದುರುಬದುರು ಸಾಲಾಗಿ ಕೂರುತ್ತವೆ. ಒಂದು ತಂಡದ ನಾಯಕ ಕಂಬಳಿ ಹೊದ್ದು ತನ್ನವರ ಮುಂದೆ ಒಬ್ಬೊಬ್ಬರಿಗೂ ಬಾಗುತ್ತ ಸಾಗಿ, ಯಾರೋ ಒಬ್ಬನ ಮುಷ್ಟಿಯಲ್ಲಿ ಉಂಗುರ ಬಿಟ್ಟು ಬರುತ್ತಾನೆ. ಎಲ್ಲರೂ ಮುಷ್ಟಿ ಬಿಗಿದು ಕೂರುತ್ತಾರೆ. ಎದುರಾಳಿ ನಾಯಕ ಮುಖಗಳನ್ನು ಓದುತ್ತ, ಇಲ್ಲದವರನ್ನು ಎಬ್ಬಿಸಿ ಕಳುಹಿಸುತ್ತ, ಕೊನೆಗೆ ಒಬ್ಬನ ಕೈ ಹಿಡಿದು ಉಂಗುರ ಕೇಳುತ್ತಾನೆ. ಅದು ಸಿಗದಿದ್ದರೆ ಉಂಗುರ ಅಲ್ಲೇ ತಂಗಿತು ಎಂದು ಕೂಗಿ ಬಚ್ಚಿಟ್ಟವರು ಕುಣಿಯುತ್ತಾರೆ. ಗೆದ್ದವರೂ ಸೋತವರೂ ಒಂದೇ ತಟ್ಟೆಯಿಂದ ಜಿಲೇಬಿ, ಬಕ್ಲಾವಾದಂಥ ಸಿಹಿ ತಿನ್ನುತ್ತಾರೆ.

ಮೊದಲ ವರ್ಷ ಗಿರಣಿಯವರು ಎದುರಾದ ಎಲ್ಲ ತಂಡಗಳಿಗೂ ಸೋತರು. ಕಾರಣ ಹಿಡಿದವರು ಖುದೈರ್. ಲಫ್ತಾ ಉಂಗುರವನ್ನು ತಮ್ಮ ವಿಭಾಗದವರಿಗೇ ಕೊಡುತ್ತಿದ್ದರು. ಅವರ ಉಗುರು, ಅಂಗೈಗಳಿಗೆ ನೀಲಿ ಹತ್ತಿದ್ದರಿಂದ ಎದುರಾಳಿಗಳಿಗೆ ಅರ್ಧ ಕೆಲಸ ಮೊದಲೇ ಮುಗಿದಿರುತ್ತಿತ್ತು. ಮರುವರ್ಷದ ಮೊದಲ ಪಂದ್ಯದ ದಿನ ಖುದೈರ್ ಬಣ್ಣದ ವಿಭಾಗಕ್ಕೆ ನಡೆದು ಹೋಗಿ, ತಣಿದ ಕೊಪ್ಪರಿಗೆಯಲ್ಲಿ ಎರಡೂ ಕೈ ಮುಳುಗಿಸಿದರು. ಉಳಿದ ನೇಕಾರರು ಒಬ್ಬರ ಮುಖ ಒಬ್ಬರು ನೋಡಿಕೊಂಡು ಹಿಂದೆ ಬಂದರು. ಉಮ್ ಹಾತಿಮ್ ಒಂದು ವಾರ ಗಂಡನಿಗೆ ಹಿಟ್ಟು ಮುಟ್ಟಲು ಬಿಡಲಿಲ್ಲ. ಆ ರಂಜಾನಿನ ನಂತರ ಗಿರಣಿಯಲ್ಲಿ ಕವಾಟ ತಿರುಗಿಸುವ ಮುನ್ನ ಗಟ್ಟಿಯಾಗಿ ಕೂಗಿ ತಿಳಿಸುವ ರೂಢಿ ಬಂತು. ಗಿರಣಿ ಮುಚ್ಚುವವರೆಗೂ ಅದು ಉಳಿಯಿತು.

ಖುದೈರ್ ತಂಡದ ಅತ್ಯುತ್ತಮ ಮುಖವಾದರು. ಎದುರಾಳಿ ನಾಯಕರು ಬೈದು, ನಗಿಸಿ, ಸುಳ್ಳು ಸುದ್ದಿ ಹೇಳಿ ಮುಖ ಅಲುಗಿಸಲು ನೋಡುತ್ತಾರೆ. ಒಮ್ಮೆ ಒಬ್ಬ ನಾಯಕ ಹಿಂದಿನ ದಿನವೇ ನೇಕಾರನೊಬ್ಬನ ಮನೆಗೆ ಹೋಗಿ ಅವನ ತಾಯಿಯ ಕಾಯಿಲೆ ವಿಚಾರಿಸಿಕೊಂಡು ಬಂದು, ಆಟದ ನಡುವೆ ಆಕೆ ಹೋಗಿಬಿಟ್ಟಳೆಂದು ಹೇಳಿದ. ಮಗ ಚೀರಿ ಎದ್ದಾಗ ಉಂಗುರ ಅವನ ಕೈಯಿಂದ ಕೆಳಗೆ ಬಿತ್ತು. ಪಂದ್ಯವೆಂದರೆ ಎರಡು ಆಟ, ನಡುವೆ ಒಂದೆರಡು ದಿನದ ಬಿಡುವು. ಆ ಬಿಡುವಿನಲ್ಲೂ ಇಂಥ ಬಲೆಗಳನ್ನು ಬೀಸುತ್ತಿದ್ದರು. ಆದ್ದರಿಂದ ಲಫ್ತಾ ತಂಡಕ್ಕೆ ಒಂದು ಕಟ್ಟಳೆ ಹಾಕಿದರು. ಎದುರಾಳಿ ನಾಯಕನ ಬಾಯಿಂದ ಬಂದದ್ದೆಲ್ಲ ಗಾಳಿ. ಎರಡನೆಯ ಆಟ ಮುಗಿಯುವವರೆಗೆ ಅವನು ಏನೇ ಹೇಳಿದರೂ ಕಿವಿಗೆ ಹಾಕಿಕೊಳ್ಳುವಂತಿಲ್ಲ.

1986ರ ವಸಂತದಲ್ಲಿ, ಬೆಳಕು ಹರಿಯುವ ಮುನ್ನ, ಹಾತಿಮ್ ಇನ್ನಾರದೋ ಅಂಗಿ ತೊಟ್ಟು ಮನೆಗೆ ಬಂದ. ಸೈನಿಕನಾಗಿ ಹೋಗಿದ್ದವನು ದಕ್ಷಿಣದ ಯುದ್ಧರಂಗದಿಂದ ಓಡಿ ಬಂದಿದ್ದ. ತನ್ನ ಜೊತೆಗಿದ್ದವರು ಯಾರೂ ಉಳಿದಿಲ್ಲ ಎಂದಷ್ಟೇ ಹೇಳಿದ. ಓಡಿ ಬಂದವರಿಗೆ ಏನಾಗುತ್ತದೆಂದು ಯಾರೂ ಯಾರಿಗೂ ಹೇಳಬೇಕಾಗಿರಲಿಲ್ಲ. ಬೇಸಿಗೆಗೆಂದು ಮಡಚಿ ಸೂರಿನವರೆಗೆ ಪೇರಿಸಿಟ್ಟ ಕಂಬಳಿ, ಹಾಸಿಗೆಗಳ ಹಿಂದೆ ಗೋಡೆಯಲ್ಲಿ ಒಂದು ಗೂಡಿತ್ತು. ತಾಯಿ ಅವನನ್ನು ಅಲ್ಲಿ ಮಲಗಿಸಿದಳು. ಈದ್ ಹಬ್ಬಕ್ಕೆ ಓಡಿ ಬಂದವರಿಗೆ ಕ್ಷಮೆ ಸಿಗುತ್ತದೆಂಬ ಗಾಳಿಮಾತು ಬೀದಿಯಲ್ಲಿತ್ತು. ಖುದೈರ್ ಅದನ್ನೇ ಹಿಡಿದುಕೊಂಡರು. ಈದ್‌ವರೆಗೆ ಮಗನನ್ನು ಉಳಿಸಿಕೊಂಡರೆ ಸಾಕು.

ರಂಜಾನು ಬಂತು. ಮಂಡಿನೋವೆಂದು ಹೇಳಿ ಆಟದಿಂದ ತಪ್ಪಿಸಿಕೊಳ್ಳಲು ಖುದೈರ್ ನೋಡಿದರು. ಮಂಡಿಯಿಂದ ಆಡುವ ಆಟವೇ ಇದು ಎಂದು ತಂಡದವರು ನಕ್ಕರು. ಮತ್ತೂ ಹಟ ಹಿಡಿದಿದ್ದರೆ ಗಿರಣಿಯೆಲ್ಲ ಕಾರಣ ಹುಡುಕುತ್ತಿತ್ತು. ಅವರು ಕೂತರು.

ಇಲ್ಲಿಂದ ಮುಂದಿನದನ್ನು ಖುದೈರ್, ಲಫ್ತಾ ಇಬ್ಬರೂ ಸೇರಿ ಹೇಳಿದರು.

"ಮೊದಲ್ನೇ ಸಂಜೆನೇ ಗೊತ್ತಾಯ್ತು ನಂಗೆ," ಎಂದರು ಲಫ್ತಾ. "ಇವನ ಮುಖದಲ್ಲಿ ಆಗ್ಲೇ ಒಂದು ಉಂಗುರ ಇತ್ತು. ನಾನು ಕೊಟ್ಟಿದ್ದಲ್ಲ."

"ಏನು ಅಂತ ಕೇಳಿದ್ಯಾ?"

"ಕೇಳಿದ್ರೆ ಹೇಳ್ತಿದ್ಯಾ?"

"ಇಲ್ಲ."

"ಮತ್ತೆ? ಅದಕ್ಕೇ ನಿನ್ನನ್ನ ಮುಂದಿನ ಸಾಲಲ್ಲಿ ಕೂರಿಸ್ದೆ. ಅವರೆಲ್ಲ ನಿನ್ನನ್ನೇ ನೋಡ್ತಾ ಇರ್ಲಿ, ಉಂಗುರ ಹಿಂದುಗಡೆ ಇರ್ಲಿ ಅಂತ."

"ಗಾಳಕ್ಕೆ ಹುಳ ಸಿಕ್ಕಿಸ್ದಂಗೆ," ಎಂದರು ಖುದೈರ್.

"ಹುಳ ಸಿಕ್ಕಿಸ್ದಂಗೇ," ಎಂದು ಲಫ್ತಾ ಒಪ್ಪಿಕೊಂಡು, ಗೆಳೆಯನಿಗಾಗಿ ಟರ್ನಿಪ್ ಗಡ್ಡೆಯ ಉಪ್ಪಿನಕಾಯಿ ಕಟ್ಟತೊಡಗಿದರು. ಇದು ಅವರಿಬ್ಬರ ನಡುವೆ ಹಿಂದೆಯೂ ಆಡಿದ ಮಾತೆಂದು ನನಗೆ ತೋರಿತು.

ಆ ಉಪಾಯ ಫಲಿಸಿತು. ಉಂಗುರ ಹಿಂದಿನ ಸಾಲಿನಲ್ಲಿರುವಾಗ ಎದುರಾಳಿಗಳು ಒಬ್ಬರಾದ ಮೇಲೊಬ್ಬರು ಖುದೈರ್ ಕೈ ಹಿಡಿದು ಸೋತರು. ತಿಂಗಳ ಕೊನೆಯ ವಾರ ರೈಲ್ವೆ ಕಾರ್ಯಾಗಾರವೊಂದರ ತಂಡದೊಂದಿಗೆ ಕಡೆಯ ಪಂದ್ಯ ಬಿತ್ತು. ಅವರ ನಾಯಕ ಹಾಜಿ ಮುತಶ್ಶರ್ ವೃತ್ತಿಯಿಂದ ಕಮ್ಮಾರ. ಮುಖ ಓದುವುದರಲ್ಲಿ ಬಗ್ದಾದಿನಲ್ಲೇ ಹೆಸರಾದವರು. ಗಿರಣಿಯ ಅಂಗಳದಲ್ಲಿ ಜನ ತುಂಬಿದ್ದರು. ಕೆಲಸಗಾರರ ಮಾತುಗಳನ್ನು ಮೇಲಕ್ಕೆ ಮುಟ್ಟಿಸುವುದೇ ಕೆಲಸವಾಗಿದ್ದ, ಗಿರಣಿಯ ಕಾವಲು ಕಚೇರಿಯವನೂ ಕುರ್ಚಿ ಹಾಕಿಸಿಕೊಂಡು ಕೂತಿದ್ದ.

ಮುತಶ್ಶರ್ ಸಾಲುಗಳ ಮುಂದೆ ನಡೆದರು. ಖುದೈರ್ ಎದುರು ನಿಂತರು. ಮುಂದೆ ಹೋದವರು ತಿರುಗಿ ಬಂದು ಮತ್ತೆ ನಿಂತರು. ಆಮೇಲೆ ಒಂದೇ ಮಾತಿನಲ್ಲಿ ಉಳಿದವರೆಲ್ಲರನ್ನೂ ಎಬ್ಬಿಸಿ, ಖುದೈರ್ ಬಲಗೈ ಹಿಡಿದು ಉಂಗುರ ಕೇಳಿದರು. ಖುದೈರ್ ಬಲಗೈ ಬಿಚ್ಚಿದರು, ಕೇಳದಿದ್ದರೂ ಎಡಗೈಯನ್ನೂ ಬಿಚ್ಚಿದರು. ಎರಡು ನೀಲಿ ಅಂಗೈಗಳು, ಎರಡೂ ಖಾಲಿ. ಅಂಗಳ ಕುಣಿಯಿತು. ಮುತಶ್ಶರ್ ಮಾತ್ರ ನಿಂತಲ್ಲೇ ನಿಂತು, ಯಾರನ್ನೂ ಉದ್ದೇಶಿಸದೆ ಹೇಳಿದರು: "ಇಲ್ಲ. ಇವನ ಹತ್ರ ಏನೋ ಇದೆ."

ಜನ ನಕ್ಕರು. ಕಾವಲು ಕಚೇರಿಯವನೂ ನಕ್ಕ.

ಸಿಹಿ ಹಂಚುವಾಗ ಮುತಶ್ಶರ್ ತಟ್ಟೆ ಹಿಡಿದು ಖುದೈರ್ ಪಕ್ಕದಲ್ಲಿ ಬಂದು ಕೂತರು. ಅವರ ದನಿ ಪಕ್ಕದವರಿಗೂ ಕೇಳುವಂತಿರಲಿಲ್ಲ.

"ಅಬೂ ಹಾತಿಮ್, ಉಂಗುರದ ವಿಷಯದಲ್ಲಿ ನಾನು ತಪ್ಪಿದೆ. ಇನ್ನೊಂದರಲ್ಲಿ ತಪ್ಪಿಲ್ಲ. ಮನೇಲಿ ಏನಿಟ್ಟಿದೀರೋ, ಯಾರನ್ನ ಇಟ್ಟಿದೀರೋ, ನಂಗೆ ಬೇಡ. ಆ ಕುರ್ಚಿಯವನು ಈಗ ಬಂದು ನನ್ನನ್ನ ಕೇಳ್ದ, ಅವನ ಮುಖದಲ್ಲಿ ಏನು ಕಂಡ್ರಿ ಹಾಜಿ ಅಂತ. ನಾನೇನೂ ಹೇಳ್ಲಿಲ್ಲ. ಆದ್ರೆ ನೀವು ಇವತ್ತೇ ಜಾಗ ಬದಲಾಯಿಸಿ."

ಎರಡನೆಯ ಆಟ ಇನ್ನೂ ಬಾಕಿಯಿತ್ತು. ಖುದೈರ್ ಕಣ್ಣು ಅಲುಗಿಸಲಿಲ್ಲ. ಬಕ್ಲಾವಾದ ತುಂಡೊಂದನ್ನು ಎತ್ತಿ ಮುತಶ್ಶರ್ ಕೈಗಿತ್ತು ಹೇಳಿದರು: "ತಿನ್ನಿ ಹಾಜಿ. ಇನ್ನೊಂದು ಆಟ ಇದೆ. ಆಗ ನೋಡೋಣ."

ಮುತಶ್ಶರ್ ಅವರನ್ನು ಇನ್ನೊಮ್ಮೆ ನೋಡಿ ಎದ್ದು ಹೋದರು.

ಮನೆಗೆ ಹೋದ ಮೇಲೆ ಅನುಮಾನ ಬರಲಿಲ್ಲವೇ ಎಂದು ನಾನು ಕೇಳಿದೆ. ಅವರಿಗೆ ನಾನು ನೇರವಾಗಿ ಕೇಳಿದ ಮೊದಲ ಪ್ರಶ್ನೆ ಅದು. ಬಂದಿತ್ತು ಎಂದರು. ಹೆಂಡತಿಗೆ ಹೇಳಿದ್ದರು. ಮಗನನ್ನು ತನ್ನ ತಂಗಿಯ ಮನೆಗೆ ಸಾಗಿಸೋಣ ಎಂದು ಆಕೆ ಅಂದಿದ್ದಳು. ಆದರೆ ಇದು ಬಲೆಯಾಗಿದ್ದರೆ, ತಾನು ಹೆದರಿ ಅತ್ತಿತ್ತ ಓಡಾಡುವುದನ್ನು ನೋಡಲು ಮುತಶ್ಶರ್‌ನ ಕಡೆಯವನೊಬ್ಬ ಬೀದಿಯ ತುದಿಯಲ್ಲಿ ನಿಂತಿರುತ್ತಾನೆ. ಆಟಕ್ಕೆಂದು ನೋಡಿದವನು ಮಗನನ್ನೇ ನೋಡಿಬಿಡುತ್ತಾನೆ. ಹೀಗೆ ಯೋಚಿಸಿ ಖುದೈರ್ ಮಗನನ್ನು ಅಲ್ಲೇ ಇರಿಸಿದರು. "ಆಟಗಾರನ ಹಾಗೆ ಲೆಕ್ಕ ಹಾಕ್ದೆ," ಎಂದರು. "ಆ ಮನುಷ್ಯ ಆಟಗಾರನ ಹಾಗೆ ಮಾತಾಡಿರ್ಲಿಲ್ಲ."

ಎರಡನೆಯ ಆಟದ ದಿನ ಬೆಳಿಗ್ಗೆ ಮನೆಯ ಶೋಧಕ್ಕೆ ಬಂದರು. ಪೇರಿಸಿದ ಹಾಸಿಗೆಗಳಿಗೆ ಅವರು ಕೈ ಹಚ್ಚಿದಾಗ ಉಮ್ ಹಾತಿಮ್ ಅಡ್ಡ ನಿಂತಳು. ಅವಳಿಗೆ ಹೊಡೆತ ಬಿದ್ದ ಸದ್ದು ಕೇಳಿ ಹಾತಿಮ್ ತಾನಾಗಿಯೇ ಹೊರಗೆ ಬಂದ. ಖುದೈರ್ ಆಗ ಗಿರಣಿಯಲ್ಲಿ ಮಗ್ಗವೊಂದರ ಕೆಳಗಿದ್ದರು. ಈದ್ ಬೆಳಿಗ್ಗೆ ಮನೆಯವರು ರೇಡಿಯೊ ಮುಂದೆ ಕೂತಿದ್ದರು. ಅವರು ಕಾದಿದ್ದ ಕ್ಷಮೆಯ ಮಾತು ಬರಲಿಲ್ಲ.

ಸುಳಿವು ಕೊಟ್ಟವರು ಎದುರು ಮನೆಯವರಿರಬೇಕು, ಆಟಕ್ಕೂ ಅದಕ್ಕೂ ಸಂಬಂಧವಿಲ್ಲ ಎಂದು ಲಫ್ತಾ ಇಂದಿಗೂ ವಾದಿಸುತ್ತಾರೆ. ಖುದೈರ್ ಅದನ್ನು ಒಪ್ಪುವುದಿಲ್ಲ. ಮುತಶ್ಶರ್ ಬಹಳ ಹಿಂದೆ ತೀರಿಕೊಂಡಿದ್ದಾರೆ. ಆ ರಂಜಾನಿನ ನಂತರ ತಂದೆ ಯಾರ ಮುಖವನ್ನೂ ಓದಲು ಹೋಗಲಿಲ್ಲವೆಂದು ಅವರ ಮಗ ನನಗೆ ತಿಳಿಸಿದರು. ಮೂವರ ಮಾತನ್ನೂ ದಾಖಲಿಸಿದ್ದೇನೆ. ಯಾವುದು ಸರಿಯೆಂದು ತೀರ್ಮಾನಿಸಲು ನನ್ನಲ್ಲಿ ಆಧಾರವಿಲ್ಲ.

ಬೇಸಿಗೆಯಲ್ಲಿ, ಮರಣದಂಡನೆಯಾದ ಮಗನ ದೇಹ ಮನೆಗೆ ಬಂತು, ಅದರ ಜೊತೆಗೆ ಕಟ್ಟಪ್ಪಣೆಯೂ ಬಂತು. ಬಾಗಿಲಿಗೆ ಕಪ್ಪು ಬಟ್ಟೆ ಕಟ್ಟುವಂತಿಲ್ಲ, ಜನ ಸೇರುವಂತಿಲ್ಲ, ಅಳು ಹೊರಗೆ ಕೇಳುವಂತಿಲ್ಲ. ಖುದೈರ್ ಮಗನನ್ನು ಮಣ್ಣುಮಾಡಿ ಮೂರನೆಯ ದಿನ ಕೆಲಸಕ್ಕೆ ಬಂದರು. ಸಂತಾಪ ಹೇಳಲು ಯಾರೂ ಅವರ ಕೈ ಹಿಡಿಯಲಿಲ್ಲ. ನೇಕಾರರು ಮಗ್ಗ ನೋಡಿದರು, ಬಣ್ಣದವರು ಕೊಪ್ಪರಿಗೆ ನೋಡಿದರು.

ಸಚಿವಾಲಯದ ಅತಿಥಿಗಳ ಮುಂದೆ ಗಿರಣಿಯ ತಂಡ ಉಂಗುರದಾಟ ಆಡಿ ತೋರಿಸಬೇಕೆಂಬ ಅಪ್ಪಣೆ ಮೊದಲೇ ಇತ್ತು. ಲಫ್ತಾ ಆ ಸಂಜೆ ಪಾಳಿ ಮುಗಿದೊಡನೆ ಅಭ್ಯಾಸವೆಂದು ಎಲ್ಲರನ್ನೂ ಮಗ್ಗದ ಮನೆಗೆ ಕರೆದರು. ಸಾಲಾಗಿ ಕೂರಿಸಿದರು, ಖುದೈರ್ ಅವರನ್ನು ನಡುವೆ. ಕಂಬಳಿ ಹೊದ್ದು ಒಬ್ಬೊಬ್ಬರ ಮುಂದೆ ಬಾಗುತ್ತ ಹೋಗಿ, ಖುದೈರ್ ಬಳಿ ಬಂದಾಗ ಕಂಬಳಿಯನ್ನು ಅವರ ತಲೆಯ ಮೇಲೂ ಎಳೆದರು. ಅದರೊಳಗೆ ಅವರ ಕೈ ಹಿಡಿದು, ಸಾವಿನ ಮನೆಯಲ್ಲಿ ಹೇಳಬೇಕಾದ ಮಾತು ಹೇಳಿದರು: "ಅವನ ಉಳಿದ ಆಯುಷ್ಯ ನಿನಗೆ ಸೇರ್ಲಿ." ಆಮೇಲೆ ಕಂಬಳಿಯನ್ನು ಪಕ್ಕದವನಿಗೆ ಕೊಟ್ಟರು. ಅವನೂ ಹೊದ್ದು, ಸಾಲು ಹಿಡಿದು ಬಾಗುತ್ತ ಬಂದ. ಉಗಿಗೆ ತೋಳು ಬೆಂದಿದ್ದ ಬಣ್ಣದವನೂ ಬಂದ. ತಂಡದವರೆಲ್ಲ ಒಬ್ಬರಾದ ಮೇಲೊಬ್ಬರು ಬಂದರು.

ನಡುವೆ ಕಾವಲು ಕಚೇರಿಯವನು ಬಾಗಿಲಲ್ಲಿ ಕಾಣಿಸಿಕೊಂಡ. "ಉಂಗುರ ಯಾರ ಹತ್ರ ಇದೆ?" ಎಂದು ಕೇಳಿದ.

"ಹೇಳ್ಬಿಟ್ರೆ ಆಟ ಎಲ್ಲಿ ಉಳೀತು ಸ್ವಾಮಿ," ಎಂದರು ಲಫ್ತಾ.

ಅವನು ಸ್ವಲ್ಪ ಹೊತ್ತು ನೋಡಿ ಹೋದ. ಆ ದಿನ ಉಂಗುರ ಯಾರ ಹತ್ತಿರವೂ ಇರಲಿಲ್ಲ.

"ಕಂಬಳಿ ಒಳಗೆ ಕತ್ತಲೆ," ಎಂದರು ಖುದೈರ್. "ಅಷ್ಟು ಹೊತ್ತು ಮುಖ ಕಾಯೋ ಕೆಲಸ ಇರ್ಲಿಲ್ಲ." ಅಷ್ಟು ಹೇಳಿ ಉಪ್ಪಿನಕಾಯಿಯ ಪೊಟ್ಟಣ ತೆಗೆದುಕೊಂಡು ಎದ್ದರು. ಯಂತ್ರ ಆರಿಸುವ ಮುನ್ನ, ನಿಯಮದಂತೆ ನಾನು ಹೇಳಿಕೆ ಕೊಟ್ಟವರ ಹೆಸರು ಮತ್ತು ಅಂದಿನ ದಿನಾಂಕ ಕೇಳಿದೆ. ಅವರು ಬಾಗಿಲಲ್ಲೇ ನಿಂತು ಹೇಳಿದರು; ನಾನು ಬರೆದುಕೊಂಡೆ.

ಹಾತಿಮ್ ಖುದೈರ್ ಅಬ್ಬೂದ್. ಜನನ ಬಗ್ದಾದ್, 1966. ಮರಣ 23 ಜುಲೈ 1986, ಬುಧವಾರ.