ಸರಕು ಹಡಗಿನ ಬಡಗಿ

ಯಾರ ಮನೆಗೆ ಕಾಲಿಟ್ಟರೂ ಗ್ರೆಗರಿ ಅಂಕಲ್ ಮೊದಲು ಲೆಕ್ಕ ಹಾಕುತ್ತಿದ್ದುದು ಅಲ್ಲಿ ಎಷ್ಟು ಜನರನ್ನು ಮಲಗಿಸಬಹುದು ಎಂದು. ಲಂಡನ್ನಿನ ಕೆಂಟನ್‌ನಲ್ಲಿ ನಾವು ಮನೆ ಮಾಡಿದ ವಾರ ಪಕ್ಕದ ಮನೆಯಿಂದ ಕೇಕು ಹಿಡಿದು ಬಂದವರು, ನಮ್ಮ ನಡುಮನೆಯ ಗೋಡೆಗೆ ಗೆಣ್ಣಿನಿಂದ ಎರಡು ಸಲ ಬಡಿದು, "ಮೂರು ಸಾಲು ಅಟ್ಟ ಹೊಡೆದ್ರೆ ಹದಿನೆಂಟು ಜನ. ಬೂಟು ಬಿಚ್ಚಿಡ್ಲಿಕ್ಕೆ ಜಾಗ ಇಲ್ಲ, ಅಷ್ಟೇ" ಅಂದರು. ಈ ಮುದುಕ ನಮ್ಮ ಮನೆಗೆ ಬಾಡಿಗೆದಾರರನ್ನು ತುಂಬಲು ನೋಡುತ್ತಿದ್ದಾನೆ ಅಂತ ನನ್ನ ಗಂಡ ಗಾಬರಿಯಾಗಿದ್ದ.

ಅವರು ಉಡುಪಿ ಕಡೆಯ ಕ್ರೈಸ್ತರು. ಮನೆಯಲ್ಲಿ ಕೊಂಕಣಿ, ನಮ್ಮ ಹತ್ತಿರ ಕನ್ನಡ, ಮಗಳು ಶೆರನ್ ಮಾತ್ರ ಎಲ್ಲದಕ್ಕೂ ಇಂಗ್ಲಿಷಿನಲ್ಲೇ ಉತ್ತರ ಕೊಡುವವಳು. ವಯಸ್ಸಿನಲ್ಲಿ ಅಂಕಲ್ ಸರಕು ಹಡಗೊಂದರ ಬಡಗಿಯಾಗಿದ್ದರು. ಮುಂಬೈಯಿಂದ ಲಂಡನ್ನಿಗೆ ಚಹಾ, ಸೆಣಬು ಹೊತ್ತು ತಿರುಗುತ್ತಿದ್ದ ಆ ಹಳೆಯ ಹಡಗನ್ನು ೧೯೮೨ರ ಫಾಕ್ಲೆಂಡ್ಸ್ ದ್ವೀಪಗಳ ಯುದ್ಧಕ್ಕೆಂದು ಇಲ್ಲಿನ ಸರ್ಕಾರ ವಶಕ್ಕೆ ತೆಗೆದುಕೊಂಡಿತು. ಮೇಲೆ ಹೆಲಿಕಾಪ್ಟರ್ ಇಳಿಯಲು ಕಬ್ಬಿಣದ ಅಂಗಳ, ಪಕ್ಕಕ್ಕೆ ಎರಡು ತೋಪು, ಮೈತುಂಬ ಬೂದು ಬಣ್ಣ. ಕೆಳಗೆ ಸರಕು ತುಂಬುವ ಜಾಗದಲ್ಲಿ ಸೈನಿಕರು ಮಲಗಲು ಮರದ ಅಟ್ಟಗಳನ್ನು ಹೊಡೆದವರು ಗ್ರೆಗರಿ ಅಂಕಲ್.

"ಚಹಾದ ವಾಸನೆ ಹೋಗಿರ್ಲೇ ಇಲ್ಲ ಮಾರ್ರೆ. ಆ ಹುಡುಗರು ದಾರಿಯುದ್ದಕ್ಕೂ ಅದೇ ವಾಸನೆಯಲ್ಲಿ ವಾಂತಿ ಮಾಡ್ತಾ ಬಂದ್ರು. ಯುದ್ಧ ಗೆದ್ದದ್ದು ಹೌದು, ಚಹಾ ಮಾತ್ರ ಮತ್ತೆ ಕುಡಿದಿರ್ಲಿಕ್ಕಿಲ್ಲ" ಅನ್ನುತ್ತಿದ್ದರು. ತಾವಾಗಿ ಯುದ್ಧ ಎಂದು ಅವರು ಹೇಳಿದ್ದು ಕಡಿಮೆ. "ಆ ಟ್ರಿಪ್ಪು" ಎಂದೇ ಅವರ ಮಾತು.

ಆ ಟ್ರಿಪ್ಪಿಗೆ ಭಾರತದವರು ಹೋಗಬೇಕಾಗಿರಲಿಲ್ಲ. ಬಂದರಿನಲ್ಲೇ ಎಲ್ಲರ ನೌಕರಿ ಬರೆಯುವ ಹಡಗಿನ ಪುಸ್ತಕಕ್ಕೂ ಕೆಲಸದಿಂದ ಬಿಡುಗಡೆ ಎಂದು ಸೀಲು ಒತ್ತಿಯಾಗಿತ್ತು, ಊರಿಗೆ ವಿಮಾನ ಹತ್ತಿಸುವುದಷ್ಟೇ ಬಾಕಿಯಿತ್ತು. ಆದರೆ ಹೊಸದಾಗಿ ಬಂದವರಿಗೆ ಆ ಮುದಿ ಎಂಜಿನ್ನು ಬಗ್ಗಲಿಲ್ಲ, ಅಟ್ಟಗಳ ಕೆಲಸವೂ ಅರ್ಧಕ್ಕೆ ನಿಂತಿತ್ತು. ಅಂಕಲ್ ಸೇರಿ ಆರು ಜನರನ್ನು ಕೇಳಿಕೊಂಡು ಉಳಿಸಿಕೊಂಡರು. ಉಳಿಯಲು ಒಪ್ಪಿದ್ದೇವೆಂದು ಒಂದು ಬಿಡಿ ಹಾಳೆಯ ಮೇಲೆ ಅವರೆಲ್ಲ ಸಹಿ ಹಾಕಿದರು. ಆ ಹಾಳೆ ಎಲ್ಲಿ ಹೋಯಿತೋ ಇವತ್ತಿಗೂ ಯಾರಿಗೂ ಗೊತ್ತಿಲ್ಲ.

ಆರು ಜನರಲ್ಲಿ ಒಬ್ಬ ಗಂಗೊಳ್ಳಿಯ ಮಂಜುನಾಥ ಖಾರ್ವಿ, ಎಂಜಿನ್ನಿಗೆ ಎಣ್ಣೆ ಬಿಡುವವನು. ಹಡಗಿನ ಹಿಂಬದಿಗೆ ಬಾಂಬು ಬಿದ್ದ ದಿನ ಉಗಿಯ ಕೊಳವೆ ಒಡೆದು ಅವನು ಬೆಂದು ಸತ್ತ. ಈ ಭಾಗ ಹೇಳುವಾಗ ಅಂಕಲ್ ನಮ್ಮ ಮುಖ ನೋಡುತ್ತಿರಲಿಲ್ಲ. "ಅವ್ನು ಹಿಂದೂ. ಊರಲ್ಲಾದ್ರೆ ಹೆಂಡ್ತಿ ಮಕ್ಕಳ ಎದುರು ಕ್ರಿಯೆ ಆಗ್ತಿತ್ತು. ಅಲ್ಲಿ ಹೆಣ ಹಲಗೆ ಮೇಲಿಟ್ಟು, ಓರೆ ಮಾಡಿ ನೀರಿಗೆ ಬಿಟ್ಟದ್ದು. ಆ ಹಲಗೆ ನಾನೇ ಮಾಡಿದ್ದು. ಎಲ್ಲೂ ಸಿಕ್ಕಿಕೊಳ್ಬಾರ್ದು ಅಂತ ನಾಲ್ಕು ಸಲ ಉಜ್ಜಿದ್ದೆ."

ಹಡಗು ವಾಪಸು ಬಂದಾಗ ಬ್ಯಾಂಡು ಬಾರಿಸಿದರಂತೆ. ಬೂದು ಬಣ್ಣ ಕೆರೆದು, ಅಟ್ಟ ಕಿತ್ತು, ಅದಕ್ಕೆ ಮತ್ತೆ ಚಹಾ ತುಂಬಿದರು. ಕೆಲವು ವರ್ಷ ದುಡಿಸಿ, ಗುಜರಾತಿನ ತೀರಕ್ಕೆ ತಂದು ಒಡೆದರು. ಥೇಮ್ಸ್ ದಂಡೆಯ ಒಂದು ಸಭಾಭವನದ ಗೋಡೆಯ ಫಲಕದಲ್ಲಿ ಆ ಹಡಗಿನ ಹೆಸರಿದೆ, ಕೆಳಗೆ ಅದರಲ್ಲಿ ಸತ್ತ ಮೂವರ ಹೆಸರಿದೆ. ಮಂಜುನಾಥನದಿಲ್ಲ. ಪುಸ್ತಕದ ಸೀಲಿನ ಪ್ರಕಾರ ಅವನು ಹಡಗಿನಲ್ಲೇ ಇರಲಿಲ್ಲ. ಹಡಗನ್ನು ಯುದ್ಧಕ್ಕೆ ಅಣಿ ಮಾಡಲು ಇವರಿಗೆ ದಿನಗಳು ಸಾಕಾದವು, ಅದರಲ್ಲಿ ಸತ್ತವನನ್ನು ಸತ್ತ ಎಂದು ಒಪ್ಪಲು ನಲವತ್ತು ವರ್ಷ ಸಾಲಲಿಲ್ಲ. ನನಗೆ ಈಗಲೂ ಮೈ ಉರಿಯುತ್ತದೆ.

ಮಂಜುನಾಥನ ಹೆಂಡತಿ ಗಿರಿಜಮ್ಮನಿಗೆ ಬೂದಿಯೂ ಸಿಗಲಿಲ್ಲ, ಗುರುತೂ ಸಿಗಲಿಲ್ಲ. ಆ ಗೋಡೆಯ ಮೇಲಾದರೂ ಹೆಸರು ಬರೆಸುತ್ತೇನೆ ಅಂತ ಅಂಕಲ್ ಆಕೆಗೆ ಮಾತು ಕೊಟ್ಟಿದ್ದರು. ವರ್ಷಗಟ್ಟಲೆ ಪತ್ರ ಬರೆದರು. ಕೊನೆಗೊಮ್ಮೆ ಸಭಾಭವನದವರು ಫಲಕವನ್ನೇ ಹೊಸದಾಗಿ ಮಾಡಿಸುವುದೆಂದು, ಬಿಟ್ಟುಹೋದ ಹೆಸರುಗಳಿದ್ದರೆ ಆನ್‌ಲೈನ್‌ನಲ್ಲಿ ಅರ್ಜಿ ಹಾಕಬೇಕೆಂದು ತಿಳಿಸಿದರು. ಆಮೇಲೆ ಯಾವ ಹೆಸರನ್ನೂ ಸೇರಿಸುವುದಿಲ್ಲ ಎಂದೂ ಬರೆದಿದ್ದರು. ಅಂಕಲ್ ಮಂಜುನಾಥನ ಪುಸ್ತಕದ ಜೆರಾಕ್ಸ್ ಹಿಡಿದು ನನ್ನ ಹತ್ತಿರ ಬಂದರು.

ಫಾರ್ಮು ತುಂಬುವುದರಲ್ಲಿ ನನಗೆ ಹೆಸರಿದೆ. ವೀಸಾದ ಮೇಲೆ ಬಂದು ಇಲ್ಲಿ ಬೇರು ಬಿಟ್ಟ ನಮ್ಮಂಥವರಿಗೆ ಒಂದು ಭಯ ರಕ್ತಕ್ಕೇ ಇಳಿದಿರುತ್ತದೆ. ಬರೆದದ್ದು ದಾಖಲೆಗೆ ತಾಳೆಯಾಗಬೇಕು, ಒಂದು ತಾರೀಕು ಹೆಚ್ಚುಕಡಿಮೆಯಾದರೂ ಕತೆ ಮುಗಿಯಿತು. ಆ ಫಾರ್ಮಿನಲ್ಲೊಂದು ಪ್ರಶ್ನೆಯಿತ್ತು: ಹಡಗು ಹೊರಡುವ ಮೊದಲೇ ಈ ವ್ಯಕ್ತಿಗೆ ಬಿಡುಗಡೆಯಾಗಿತ್ತೇ?

"ಇಲ್ಲ ಅಂತ ಹಾಕಿ" ಅಂದರು ಅಂಕಲ್.

"ಅಂಕಲ್, ಪುಸ್ತಕದಲ್ಲಿ ಸೀಲ್ ಇದೆ. ಸುಳ್ಳು ಹೇಳ್ತಿದ್ದಾರೆ ಅಂತ ರಿಜೆಕ್ಟ್ ಮಾಡಿಬಿಡ್ತಾರೆ. ಹೌದು ಅಂತ ಹಾಕಿ, ಕೆಳಗಡೆ ಬಾಕ್ಸ್‌ನಲ್ಲಿ ಎಲ್ಲ ವಿವರವಾಗಿ ಬರೀತೀನಿ."

"ಸೀಲೇ ಸುಳ್ಳು ಮಾರ್ರೆ. ಮನುಷ್ಯ ನನ್ನ ಕೈಯ್ಯಾರೆ ನೀರಿಗೆ ಹೋದದ್ದು."

"ನಂಗೊತ್ತು ಅಂಕಲ್. ನೀವು ನಂಬಿ, ಇಂಥದ್ದು ಬೇಕಾದಷ್ಟು ಮಾಡಿದೀನಿ" ಅಂದೆ. ಹೌದು ಎಂದು ಒತ್ತಿದೆ. ಬಾಕ್ಸಿನಲ್ಲಿ ಒಂದು ಪುಟ ಬರೆದೆ, ಚೆನ್ನಾಗಿಯೇ ಬರೆದೆ.

ಉತ್ತರ ಮೂರೇ ಸಾಲು. ಹಡಗು ಹೊರಡುವ ಮೊದಲೇ ಬಿಡುಗಡೆಯಾಗಿತ್ತೆಂದು ಅರ್ಜಿದಾರರೇ ಒಪ್ಪಿಕೊಂಡಿರುವುದರಿಂದ ಹೆಸರು ಸೇರಿಸಲಾಗದು. ಆ ಸಾಲನ್ನು ಬಿಟ್ಟು ಮಿಕ್ಕದ್ದನ್ನು ಅವರಿಗೆ ಓದಿ ಹೇಳಿದೆ. ಅವರು ಕಾಗದ ಇಸಿದುಕೊಂಡು ಭೂತಗನ್ನಡಿ ಹಿಡಿದು ತಾವೇ ಓದಿದರು. "ಇದು ನಾನು ಹೇಳಿದ್ದಾ?" ಅಂತ ಕೇಳಿದರು. "ಇರ್ಲಿ ಬಿಡಿ. ನೀವು ಓದಿದವರು, ನಿಮಗೆ ಕಾಗದದ ಹೆದರಿಕೆ" ಅಂದು ಎದ್ದು ಹೋದರು. ಬೈದಿದ್ದರೆ ಒಳ್ಳೆಯದಿತ್ತು.

ಎರಡು ಸಲ ಮೇಲ್ಮನವಿ ಬರೆದೆ. ಎರಡಕ್ಕೂ ಅದೇ ಮೂರು ಸಾಲು. ಹೊಸ ಫಲಕ ಮೂರೇ ಹೆಸರು ಹೊತ್ತು ಗೋಡೆ ಸೇರಿತು. ಅಂಕಲ್ ಆಮೇಲೂ ಮೀನು ಸಾರು ಕಳಿಸುತ್ತಿದ್ದರು, ನಮ್ಮ ಬಾಗಿಲಿನ ತಿರುಗಣಿ ಸರಿ ಮಾಡಿಕೊಟ್ಟರು. ಕಾಗದ ಮಾತ್ರ ಒಂದನ್ನೂ ನನ್ನ ಹತ್ತಿರ ತರಲಿಲ್ಲ. ಜಿಪಿ ಡಾಕ್ಟರು ಕೊಟ್ಟ ಚೀಟಿಯನ್ನೂ ಬೀದಿಯಾಚೆಯವರ ಹತ್ತಿರ ಓದಿಸುತ್ತಿದ್ದರು.

ಕೊನೆಗೆ ನೋಡಿದ್ದು ಆಸ್ಪತ್ರೆಯಲ್ಲಿ. ಕ್ಷಮೆ ಕೇಳಬೇಕೆಂದೇ ಹೋಗಿದ್ದೆ, ಬರೀ ಹಣ್ಣು ಬಿಡಿಸಿಕೊಡುತ್ತ ಕೂತೆ. ಅವರೇ, "ಗಿರಿಜಕ್ಕನಿಗೆ ನಿಮ್ಮ ನಂಬರ್ ಕೊಟ್ಟಿದ್ದೇನೆ. ಫೋನ್ ಬಂದ್ರೆ ಮಾತಾಡಿ" ಅಂದರು. ಮರುವಾರ ತೀರಿಕೊಂಡರು.

ತಿಂಗಳು ಕಳೆದು ಒಂದು ಭಾನುವಾರ ಗಂಗೊಳ್ಳಿಯಿಂದ ಗಿರಿಜಮ್ಮನ ಫೋನ್ ಬಂತು. "ಗ್ರೆಗರಿಯವ್ರ್ ಎಲ್ಲ ಹೇಳಿದ್ರ್ ಅಮ್ಮಾ. ಗ್ವಾಡಿ ಮೇಲ್ ಇವ್ರ್ ಹೆಸ್ರ್ ಬಂತಂಬ್ರ್, ಬರ್ದ್ ಹಾಕ್ಸಿದ್ ನೀವೇ ಅಂಬ್ರ್. ನಿಮ್ಗ್ ಪುಣ್ಯ ಬರ್ಲಿ. ಒಂದ್ ಫೋಟೋ ಕಳ್ಸಿನಿ, ಕಾಂಬುಕೆ."

ಗೋಡೆಯ ಮೇಲಿಲ್ಲದ ಹೆಸರಿನ ಫೋಟೋ ಕಳಿಸುತ್ತೇನೆ ಅಂದೆ. ಆಕೆ ಈಗಲೂ ಭಾನುವಾರ ಫೋನ್ ಮಾಡುತ್ತಾರೆ. ನಾನು ಎತ್ತುವುದಿಲ್ಲ.