ಓದು ಮುಗಿದ ಊಟ

ಮಗ ಮೈಸೂರಿನಲ್ಲಿ ನಾಲ್ಕು ವರ್ಷದ ನರ್ಸಿಂಗ್ ಓದು ಮುಗಿಸಿ ಬಂದಾಗ, ನೆಂಟರನ್ನೆಲ್ಲ ಕರೆದು ಹಿತ್ತಲಲ್ಲಿ ಊಟ ಹಾಕಿಸೋಣ ಎಂದವಳು ನನ್ನ ಹೆಂಡತಿ. ನಮ್ಮ ಎರಡೂ ಕಡೆಯಲ್ಲಿ ಡಿಗ್ರಿ ಮುಗಿಸಿದವನು ಅವನೊಬ್ಬನೇ. ಆದರೆ ನಮ್ಮೂರು ಧನಗೆರೆಯಲ್ಲಿ ಅಂಥ ಊಟವನ್ನು ಅದುವರೆಗೆ ಯಾರೂ ಹಾಕಿರಲಿಲ್ಲ. "ಮದ್ವೆ ಅಲ್ಲ, ತಿಥಿ ಅಲ್ಲ, ಇನ್ಯಾತಕ್ಕೆ ಕಣ್ಲಾ ಊಟ?" ಎಂದು ಫೋನಿನಲ್ಲಿ ಕೇಳಿದವರಿಗೆಲ್ಲ, "ಮಗಂದು ಓದು ಮುಗೀತು, ಅದಕ್ಕೆ" ಎಂದೆ. ಏನು ಓದಿದ ಎಂದರೆ "ಆಸ್ಪತ್ರೆ ಓದು" ಎಂದು ತೇಲಿಸಿದೆ.

ಬಂಡಳ್ಳಿಯಲ್ಲಿರುವ ನನ್ನ ಅಕ್ಕ ಅಷ್ಟಕ್ಕೆ ಬಿಡಲಿಲ್ಲ. "ಅಂಗಾರೆ ಡಾಕ್ಟ್ರಾದ್ನಾ?" ಎಂದಳು.

"ಊಂ, ಅಂಗೇ ಅನ್ಕೋ" ಎಂದುಬಿಟ್ಟೆ.

ನಾನು ಕಬ್ಬಿನ ಟ್ರ್ಯಾಕ್ಟರ್ ಓಡಿಸುವವನು. ಕುಂತೂರಿನಲ್ಲಿ ಕಾರ್ಖಾನೆಯ ಮುಂದೆ ಸಾಲಿನಲ್ಲಿ ನಿಂತಿದ್ದಾಗ ಜೊತೆಯ ಡ್ರೈವರುಗಳು "ಗಂಡುಡ್ಗ ನರ್ಸಾ?" ಎಂದು ನಕ್ಕಿದ್ದರು. ಅದು ಮನಸ್ಸಿನಲ್ಲೇ ಕೂತಿತ್ತು. ಮಗನಿಗೆ ಹೇಳಿರಲಿಲ್ಲ.

ಭಾನುವಾರ ನುಗ್ಗೆ ಮರದಿಂದ ಕೊಟ್ಟಿಗೆಯವರೆಗೆ ಶಾಮಿಯಾನ ಕಟ್ಟಿಸಿದೆವು. ಬೆಳಿಗ್ಗೆಯೇ ಒಲೆಯ ಮೇಲೆ ಬಾಡಿನ ಸಾರು ಕುದಿಯುತ್ತಿತ್ತು. ಗೌನು, ಟೋಪಿ ತೊಟ್ಟ ಮಗನ ಫೋಟೊವನ್ನು ಕುರ್ಚಿಯ ಮೇಲಿಟ್ಟು, ಚೆಂದ ಕಾಣಲಿ ಎಂದು ನಾನೊಂದು ಸೇವಂತಿಗೆ ಹಾರ ಹಾಕಿದೆ. ಹೆಂಡತಿ ಓಡಿಬಂದು ಕಿತ್ತಳು. "ಬದ್ಕಿರೋ ಮಗನ ಪಟಕ್ಕೆ ಆರ ಆಕ್ತಾರಾ? ಬುದ್ದಿ ಬ್ಯಾಡ್ವಾ ನಿಮ್ಗೆ?" ಮಗ ಬಿದ್ದು ಬಿದ್ದು ನಕ್ಕ.

ಹನ್ನೊಂದು ಗಂಟೆಗೆ ಅಕ್ಕ ಆಟೋದಿಂದ ಕುಂಟುತ್ತ ಇಳಿದಳು. ಕೈಯಲ್ಲಿ ಆಸ್ಪತ್ರೆ ಚೀಟಿಗಳು ತುಂಬಿದ ಪ್ಲಾಸ್ಟಿಕ್ ಚೀಲ. "ಎಲ್ಲವ್ನೆ ನಮ್ ಡಾಕ್ಟ್ರು?" ಎಂದು ಎಲ್ಲರಿಗೂ ಕೇಳುವಂತೆ ಕೂಗಿದಳು.

ಮಗ ಬಂದು ಕಾಲಿಗೆ ಬಿದ್ದು ಎದ್ದ. "ಅತ್ತೆ, ನಾನು ಡಾಕ್ಟ್ರಲ್ಲ. ನರ್ಸು."

ಸುತ್ತ ಕೂತವರೆಲ್ಲ ತಿರುಗಿ ನೋಡಿದರು. ಯಾರೋ ಕಿಸಕ್ಕೆಂದರು.

"ಮತ್ತೆ ನಿಮ್ಮಪ್ಪ ಡಾಕ್ಟ್ರು ಅಂದ್ನಲ್ಲಾ!"

ಮಗ ನನ್ನ ಕಡೆ ತಿರುಗಿದ. ಕೋಪ ಮಾಡಿಕೊಂಡಿದ್ದರೆ ಸಹಿಸಬಹುದಿತ್ತು. ಅವನು ನನ್ನ ಮಾನ ಉಳಿಸುವ ಮಾತು ಹುಡುಕುತ್ತಿದ್ದ. "ಅಪ್ಪಂಗೆ ಸರ್ಯಾಗಿ ಗೊತ್ತಿಲ್ಲ ಅತ್ತೆ..." ಎಂದು ಶುರುಮಾಡಿದ.

"ಗೊತ್ತಿತ್ತು" ಎಂದೆ ನಾನು. "ಗೊತ್ತಿದ್ದೇ ಸುಳ್ ಯೋಳ್ದೆ ಕಣಕ್ಕ. ನರ್ಸು ಅಂದ್ರೆ ನಗ್ತಾರೆ ಅಂತ ನಾಚ್ಕೆ ಆಯ್ತು."

"ಥೂ ನಿನ್ನ! ಬೀದಿಗೆಲ್ಲ ಯೋಳ್ಕಂಡು ಬಂದಿವ್ನಿ" ಎಂದು ಅಕ್ಕ ಸಿಡುಕಿ, ಎಡಗಾಲನ್ನು ಸೀರೆಯೊಳಗೆ ಎಳೆದುಕೊಂಡಳು. ಮಗ ಅದನ್ನು ನೋಡಿಬಿಟ್ಟ.

"ಕಾಲ್ಗೇನಾಯ್ತು ಅತ್ತೆ?"

"ಏನಿಲ್ಲ. ಮುಳ್ ಚುಚ್ಚಿತ್ತು."

ಅವನು ನೆಲದ ಮೇಲೆ ಕೂತು ಅವಳ ಪಾದವನ್ನು ತನ್ನ ಮೊಣಕಾಲ ಮೇಲಿಟ್ಟುಕೊಂಡ. ಬೆರಳಿಗೆ ಸುತ್ತಿದ್ದ ಬಟ್ಟೆ ಬಿಚ್ಚಿದಾಗ ಹೊರಟ ವಾಸನೆಗೆ ಹತ್ತಿರವಿದ್ದವರು ಎದ್ದುಹೋದರು. ಅವನ ಮುಖ ಮಾತ್ರ ಒಂದಿಷ್ಟೂ ಕದಲಲಿಲ್ಲ. ಕುದಿಸಿ ಆರಿಸಿದ ನೀರು, ಒಂದು ಬೇಸನ್ನು ತರಲು ನನಗೆ ಹೇಳಿ, ತನ್ನ ಬ್ಯಾಗಿನಿಂದ ಗ್ಲೌಸು, ಹತ್ತಿ, ಬ್ಯಾಂಡೇಜು ತೆಗೆದ. ನಾನು ಬೇಸನ್ನು ಹಿಡಿದು ಕೂತೆ. ಅವಳ ಹಸು ಎಷ್ಟು ಹಾಲು ಕೊಡುತ್ತದೆ, ಮುಸುಕಿನ ಜೋಳ ತೆನೆ ಕಟ್ಟಿತಾ ಎಂದು ಕೇಳುತ್ತಲೇ ಅವನು ಗಾಯವನ್ನು ಚೂರುಚೂರೇ ತೊಳೆದ. ಅಕ್ಕ ಒಮ್ಮೆಯೂ ನರಳಲಿಲ್ಲ. ನಾಲ್ಕು ವರ್ಷ ನಾನು ಅವನನ್ನು ಪಾಸಾದ್ಯಾ ಎಂದು ಕೇಳಿದ್ದೆನೇ ಹೊರತು, ಅಲ್ಲಿ ಏನು ಮಾಡುತ್ತೀಯ ಎಂದು ಕೇಳಿರಲಿಲ್ಲ.

ಗಾಯ ಕಟ್ಟಿ, ಅವಳ ಚೀಲದ ಚೀಟಿಗಳನ್ನು ತಿರುವಿ ನೋಡಿದ. "ಸುಗರ್ ಐತೆ ಅತ್ತೆ, ಇದ್ನ ಇಂಗೇ ಬುಟ್ರೆ ಪಾದಾನೇ ತೆಗೀಬೇಕಾಯ್ತದೆ. ಇದು ನನ್ ಕೈಲಾಗೋದಲ್ಲ, ಡಾಕ್ಟ್ರೇ ನೋಡ್ಬೇಕು. ನಾಳೆ ನಾನೇ ಬೈಕಲ್ಲಿ ಕೊಳ್ಳೇಗಾಲಕ್ಕೆ ಕರ್ಕಂಡೋಯ್ತೀನಿ."

ಅಕ್ಕ ತಲೆಯಾಡಿಸಿದಳು. ಅಷ್ಟು ಹೊತ್ತಿಗೆ ಮುದ್ದೆ ಆರಿಹೋಗಿತ್ತು. ಆದರೂ ಯಾರೂ ಗೊಣಗದೆ ಪಂಕ್ತಿಯಲ್ಲಿ ಕೂತು ಉಂಡರು.

ಎಲ್ಲರೂ ಹೋದ ಮೇಲೆ ನಾವು ಮೂವರು ಉಣ್ಣಲು ಕೂತೆವು. "ತಪ್ಪಾಯ್ತು ಕಣಪ್ಪ" ಎಂದೆ ಮಗನಿಗೆ.

"ಬುಡಪ್ಪ. ಮೊದುಲ್ನೇ ವರ್ಸ ಬಸ್ಸಲ್ಲಿ ಯಾರಾದ್ರೂ ಕೇಳುದ್ರೆ ನಾನೂ ಎಂಬಿಬಿಎಸ್ಸು ಅಂತಿದ್ದೆ."

ಹೆಂಡತಿಗೆ ನಗು ಬಂದು ಅನ್ನ ನೆತ್ತಿಗೇರಿತು.

ಅಕ್ಕನ ಆ ಕಾಲ್ಬೆರಳನ್ನು ತೆಗೆಯಬೇಕಾಯಿತು, ಪಾದ ಉಳಿಯಿತು. ಎರಡು ತಿಂಗಳು ನಮ್ಮ ಮನೆಯಲ್ಲೇ ಇದ್ದಳು. ಮಗ ಮೈಸೂರಿನಲ್ಲಿ ಕೆಲಸಕ್ಕೆ ಸೇರಿದ ಮೇಲೆ, ಅವನು ತೋರಿಸಿಕೊಟ್ಟಂತೆ ಗಾಯ ತೊಳೆದು ಕಟ್ಟುವ ಕೆಲಸ ನನ್ನದಾಯಿತು. ಮೊದಲ ದಿನ ಹತ್ತಿಯನ್ನು ಒರಟಾಗಿ ಒತ್ತಿಬಿಟ್ಟೆ. "ಮೆಲ್ಲುಕ್ಕೆ ಕಣ್ಲಾ, ಅವನ್ ಕೈ ಇಂಗಿರ್ಲಿಲ್ಲ" ಎಂದು ಅಕ್ಕ ಬೈದಳು. ನಾನು ಗಾಯದಿಂದ ಕಣ್ಣು ಕೀಳದೆ, ಇನ್ನೂ ಮೆಲ್ಲಗೆ ತೊಳೆದೆ.